ಮೈನಸ್ ಒಂದು ಎಂದು ಬರೆದವನು

"ಮೈನಸ್ ಒಂದು ಮನೆ ಇರೋ ಪಟ್ಟಿ! ಇದನ್ನ ಬರೆದ ಮಹಾನುಭಾವ ಯಾರು ಸ್ವಾಮಿ?"

ಅವಳು ಕೇಳಿದ ಜೋರಿಗೆ ಇಡೀ ಲ್ಯಾಬ್ ತಿರುಗಿ ನೋಡಿತು. ಕಿಟಕಿ ಪಕ್ಕದ ಮೇಜಿನಿಂದ ಒಬ್ಬ ನಿಧಾನವಾಗಿ ಕೈ ಎತ್ತಿದ.

"ನಾನೇ..."

ಅಲ್ಲಿ ತಯಾರಾಗುತ್ತಿದ್ದದ್ದು ರೋಗಿಗೆ ಹನಿ ಹನಿಯಾಗಿ ಔಷಧಿ ಇಳಿಸುವ ಪಂಪ್. ಸಿ ಭಾಷೆಯಲ್ಲಿದ್ದ ಅದರ ಹಳೆಯ ಕೋಡನ್ನು ಹೊಸ ಪುಟ್ಟ ಚಿಪ್‌ಗೆ ಹೊಂದಿಸುವ ಕೆಲಸ, ಸೇರಿ ಹದಿನೈದು ದಿನವಾಗಿದ್ದ ಅವಳ ತಲೆಗೆ ಬಂದಿತ್ತು. ಆದರೆ ಕಂಪೈಲರ್, ಅಂದರೆ ನಾವು ಬರೆದದ್ದನ್ನು ಚಿಪ್‌ನ ಭಾಷೆಗೆ ತಿರುಗಿಸುವ ಪ್ರೋಗ್ರಾಮ್, ಆ ಒಂದು ಸಾಲಿನ ಹತ್ತಿರ ಬಂದು ಮುಷ್ಕರ ಹೂಡಿತ್ತು. ಬರೆದವನಿಗೆ ಲ್ಯಾಬ್ ಇಟ್ಟ ಹೆಸರು ಬ್ರೇಕಣ್ಣ. ಎಲ್ಲರ ಕೆಲಸವನ್ನೂ ಹೀಗೇ ನಿಲ್ಲಿಸುತ್ತಾನಂತೆ!

ಅವನು ಬೈಸಿಕೊಳ್ಳಲು ತಯಾರಾಗಿಯೇ ಬಂದು ಅವಳ ಪರದೆಯತ್ತ ಬಗ್ಗಿದ.

"ಹನಿ ಎಣಿಸೋ ಸಂಖ್ಯೆ ಇದೆಯಲ್ಲ, ಇಂಟ್, ಅದಕ್ಕೆ ಹಳೇ ಚಿಪ್‌ನಲ್ಲಿ ನಾಲ್ಕು ಬೈಟ್ ಜಾಗ. ಇದರಲ್ಲಿ ಎರಡೇ. ಮೂವತ್ತೆರಡು ಸಾವಿರ ಚಿಲ್ಲರೆ ಹನಿ ದಾಟಿದ್ರೆ ಎಣಿಕೆ ಹಳ್ಳ ಹಿಡಿಯುತ್ತೆ. ಅದಕ್ಕೇ ಈ ಸಾಲು. ನಾಲ್ಕು ಬೈಟ್ ಇದ್ರೆ ಅಂಕಿ ಇಡೋ ಪಟ್ಟಿಗೆ ಒಂದು ಮನೆ, ಇಲ್ಲದಿದ್ರೆ ಮೈನಸ್ ಒಂದು. ಅಂಥ ಪಟ್ಟಿ ಕಟ್ಟೋಕಾಗಲ್ಲ ಅಂತ ಕಂಪೈಲರ್ ಇಲ್ಲೇ ನಿಂತುಬಿಡುತ್ತೆ."

"ಸೊನ್ನೆ ಅಂತ ಬರೀಬಹುದಿತ್ತಲ್ಲ?"

"ಸೊನ್ನೆನ ಕೆಲವು ಕಂಪೈಲರ್‌ಗಳು ಹೋಗ್ಲಿ ಪಾಪ ಅಂತ ಒಪ್ಕೊಂಡುಬಿಡ್ತವೆ. ಮೈನಸ್ ಒಂದನ್ನ ಯಾವುದೂ ಒಪ್ಪಲ್ಲ. ತಪ್ಪು ಆಸ್ಪತ್ರೆಲಿ ಗೊತ್ತಾಗೋ ಬದಲು ಇಲ್ಲೇ ಗೊತ್ತಾಗ್ಲಿ, ಅಲ್ವಾ?"

ಅವಳ ಕೋಪ ಎತ್ತಲೋ ಹೋಯಿತು. 'ಎಲಾ ಇವನಾ! ಇನ್ನೂ ಏನೇನು ಇಟ್ಟಿದ್ದಾನೋ ಈ ತಲೆಯಲ್ಲಿ...'

ಅಲ್ಲಿಂದ ದಿನಕ್ಕೊಂದು ಪ್ರಶ್ನೆ, ಪ್ರಶ್ನೆಗೊಂದು ಟೀ. ಊರಿಗೆಲ್ಲ ಬ್ರೇಕಣ್ಣನಾದವನನ್ನು ಅವಳು ಮಾತ್ರ ಅಪ್ಪಿತಪ್ಪಿಯೂ ಅಣ್ಣ ಎನ್ನಲಿಲ್ಲ. ಯಾಕೆಂದು ನಾನು ಬೇರೆ ಬಿಡಿಸಿ ಹೇಳಬೇಕೇ?

ಎರಡು ತಿಂಗಳ ಮೇಲೊಂದು ದಿನ ಕ್ಯಾಂಟೀನಿನಲ್ಲಿ ಅವನೇ ಬಾಯಿಬಿಟ್ಟ.

"ನಿಮ್ಮ ಮೇಲೆ ನನಗೆ ಮನಸಾಗಿದೆ. ಆದ್ರೆ ಮೊದಲೇ ಹೇಳ್ಬಿಡ್ತೀನಿ. ನನ್ನ ಅಕ್ಕನಿಗೆ ನಡೆಯೋಕಾಗಲ್ಲ. ಅವಳು ಯಾವತ್ತೂ ನನ್ನ ಜೊತೆನೇ ಇರ್ತಾಳೆ. ಕೋಪ ಬಂದ್ರೆ ನಾನು ಎರಡು ದಿನ ಮಾತಾಡಲ್ಲ. ಇದರಲ್ಲಿ ಯಾವುದು ಆಗಲ್ಲ ಅನ್ನಿಸಿದ್ರೂ ಈಗಲೇ ನಿಲ್ಲಿಸಿಬಿಡಿ."

ನಿಲ್ಲಿಸಿಬಿಡಿ! ಮೊದಲ ಮಾತು ಕೇಳಿ ಕುಣಿದಿದ್ದ ಅವಳ ಎದೆ ಕೊನೆಯ ಮಾತಿಗೆ ಧಸಕ್ಕೆಂದಿತು. 'ಇವನಿಗೆ ನಾನು ಬೇಡ. ನನ್ನ ಬಾಯಿಂದಲೇ ಬೇಡ ಅನ್ನಿಸೋಕೆ ನೋಡ್ತಿದ್ದಾನೆ...' ಟೀ ಅರ್ಧಕ್ಕೇ ಬಿಟ್ಟು ಎದ್ದುಹೋದಳು.

ಅವನು ಅದನ್ನೇ ಉತ್ತರ ಎಂದುಕೊಂಡ. ಆ ವಾರವೇ ಬೇರೆ ಊರಿನ ಶಾಖೆಗೆ ವರ್ಗ ಕೇಳಿ ಅರ್ಜಿ ಕೊಟ್ಟ. ಸೋಮವಾರ ಮ್ಯಾನೇಜರ್ ಸಹಿ ಹಾಕಿದರೆ ಮುಗಿಯಿತು, ಹೋದಂತೆಯೇ.

ಶುಕ್ರವಾರ ಅವಳ ಕೆಲಸವೂ ಮುಗಿಯಿತು. ಎಣಿಕೆಗಳಿಗೆಲ್ಲ ಸರಿಯಾದ ಅಳತೆ ಕೊಟ್ಟು, ಅವನಂತೆಯೇ ತಾನೂ ಹನ್ನೊಂದು ತಪಾಸಣೆಯ ಸಾಲು ಬರೆದಿದ್ದಳು. ಇವು ಚಿಪ್‌ನಲ್ಲಿ ಎಷ್ಟು ಜಾಗ ತಿನ್ನುತ್ತವೆ? ಕುತೂಹಲ ತಡೆಯಲಿಲ್ಲ. ಸಾಲುಗಳಿದ್ದಾಗ ಒಮ್ಮೆ, ತೆಗೆದು ಒಮ್ಮೆ ಕಂಪೈಲ್ ಮಾಡಿ ಹೋಲಿಸಿದಳು.

ಒಂದು ಬೈಟ್ ವ್ಯತ್ಯಾಸವಿಲ್ಲ!

'ಎಲ್ಲ ಸರಿಯಿದ್ದರೆ ಇವಕ್ಕೆ ಭಾರವೇ ಇಲ್ಲ... ಹಾಗಾದ್ರೆ ಅವನು ನನ್ನ ತಡೆಯಲಿಲ್ಲ. ಕೇಳಿದ, ಅಷ್ಟೇ. ಅಯ್ಯೋ ಪೆದ್ದಿ, ನೀನು ಉತ್ತರವನ್ನೇ ಕೊಡಲಿಲ್ಲವಲ್ಲೇ!'

ಶನಿವಾರ ಬೆಳಗ್ಗೆಯೇ ಅವನ ಮನೆ ಬಾಗಿಲು ತಟ್ಟಿದಳು. ತೆರೆದದ್ದು ಗಾಲಿಕುರ್ಚಿಯಲ್ಲಿದ್ದ ಅಕ್ಕ. ಮಡಿಲಲ್ಲಿ ಹಳೆಯ ಪೇಪರ್, ಅದರಲ್ಲಿ ಸುತ್ತುತ್ತಿದ್ದ ತಟ್ಟೆ. ಸುತ್ತ ರಟ್ಟಿನ ಪೆಟ್ಟಿಗೆಗಳು.

"ನೀನೇನಮ್ಮ ಆ ಪ್ರಶ್ನೆ ಕೇಳೋ ಹುಡುಗಿ? ಬಾ, ಬಾ. ಅವನ ಮೇಲೆ ಬೇಜಾರಾಗಬೇಡ. ಹೋದ ಸಲ ಮದುವೆ ಮಾತು ಮುಗಿದ ಮೇಲೆ ನನ್ನ ವಿಷಯ ಹೇಳಿದ್ದ. ಆ ಹುಡುಗಿ ನನ್ನೆದುರಿಗೇ ಬೇಡ ಅಂದುಬಿಟ್ಲು. ಅವತ್ತಿಂದ ಹೀಗೆ... ಮೊದಲೇ ಎಲ್ಲ ಒದರಿಬಿಡ್ತಾನೆ."

ಮಾತು ಕೇಳಿಸಿ ಅವನು ಒಳಗಿಂದ ಬಂದ. ಅವಳನ್ನು ಕಂಡು ನಿಂತಲ್ಲೇ ನಿಂತ.

ಅವಳು ಅವನನ್ನು ನೋಡಲಿಲ್ಲ. ಗಾಲಿಕುರ್ಚಿಯ ಮುಂದೆ ನೆಲದ ಮೇಲೇ ಕೂತಳು.

"ಅಕ್ಕಾ, ನೀವು ಹೇಳಿ. ನಾನು ಈ ಮನೆಗೆ ಬರಬಹುದಾ? ನನ್ನ ಜೊತೆ ಇರೋಕೆ ನಿಮಗೆ ಒಪ್ಪಿಗೆನಾ?"

ತಟ್ಟೆ ಸುತ್ತುತ್ತಿದ್ದ ಕೈ ನಿಂತಿತು. ಅಕ್ಕನ ಕಣ್ಣು ತುಂಬಿ ಬಂತು.

"ನಾನು ಇದ್ರೆ ಪರವಾಗಿಲ್ವಾ ಅಂತ ಇವನು ಎಲ್ಲರನ್ನೂ ಕೇಳಿದ್ದಾನೆ ಕಣಮ್ಮಾ... ನಿನಗೆ ಒಪ್ಪಿಗೆನಾ ಅಂತ ನನ್ನನ್ನ ಯಾರೂ ಕೇಳಿರಲಿಲ್ಲ!"

"ನಾನೂ ಕೇಳಲಿಲ್ಲ... ಅಲ್ವಾ ಅಕ್ಕಾ?" ಅವನ ದನಿ ಒಡೆದಿತ್ತು.

"ಇಲ್ಲ ಕಣೋ. ಈ ವರ್ಗದ ವಿಷಯಾನೂ ಕೇಳಲಿಲ್ಲ. ನನಗೆ ಈ ಮನೆ ಬಿಟ್ಟು ಬರೋಕೆ ಸುತರಾಂ ಇಷ್ಟ ಇಲ್ಲ. ಈ ಹುಡುಗಿ ಬೇಕಾದ್ರೆ ಇವತ್ತೇ ಬರ್ಲಿ!"

ಅಳುತ್ತಲೇ ಮೂವರೂ ನಕ್ಕರು. ಅಕ್ಕ ಕಣ್ಣೊರೆಸಿಕೊಂಡು, ಬೇಕೆಂದೇ ಕುರ್ಚಿ ತಿರುಗಿಸಿಕೊಂಡು ಒಳಗೆ ಹೋದಳು.

"ನೀವು... ನನಗಿನ್ನೂ ಉತ್ತರ ಹೇಳಲಿಲ್ಲ," ಎಂದ ಅವನು, ಮೆಲ್ಲಗೆ.

"ಹೂಂ. ಎಲ್ಲದಕ್ಕೂ ಹೂಂ. ಆ ಎರಡು ದಿನದ ಮೌನಕ್ಕೂ... ಆದ್ರೆ ಆ ಎರಡು ದಿನ ನಾನು ಬಾಯಿ ಮುಚ್ಚಿಕೊಂಡಿರಲ್ಲ!"

"ಅರ್ಜಿ ವಾಪಸ್ ತಗೋತೀನಿ. ಈಗ ಈ ಪೆಟ್ಟಿಗೆ ಬಿಚ್ಚೋಕೆ ಸಹಾಯ ಮಾಡ್ತೀರಾ?"

"ಮಾಡ್ತೀನಿ. ಮೊದಲು ಈ 'ನೀವು' ಅನ್ನೋದು ಬಿಟ್ರೆ."

ಅವನು ನಾಚಿ, ತಲೆ ಕೆರೆದುಕೊಂಡು, ಕೊನೆಗೂ ಕೈ ಚಾಚಿದ.

"ಸರಿ... ಬಾ."