ಖಾಲಿ ಬಿಟ್ಟ ಜಾಗ

“ಅಲ್ಲಾಡಬೇಡ ಮರಿ, ಗಾಯದ ಅಳತೆ ತಗೋತೀನಿ ಅಷ್ಟೆ,” ಎಂದಳು ಅಮ್ಮ, ಬೆಂಚಿನ ಮೇಲಿದ್ದ ಹುಡುಗನಿಗೆ.

ಪರದೆಯ ಹಿಂದೆ ಚೂಟಿ ಉಸಿರು ಬಿಗಿಹಿಡಿದು ಕುಳಿತಳು. ಅಮ್ಮ ಈ ಆಸ್ಪತ್ರೆಯ ನರ್ಸು. ಸ್ಕೂಲು ಬಿಟ್ಟ ಮೇಲೆ ಚೂಟಿ ದಿನಾ ಇಲ್ಲೇ, ಈ ಸ್ಟೂಲಿನ ಮೇಲೆ ಹೋಮ್‌ವರ್ಕ್ ಮಾಡುವುದು. ಇವತ್ತು ಪೆನ್ಸಿಲ್ ಓಡಲೇ ಇಲ್ಲ. ಆಚೆ ಬೆಂಚಿನ ಮೇಲಿದ್ದವನು ಅವಳ ಕ್ಲಾಸಿನ ದಪ್ಪ ಕನ್ನಡಕದ ಹುಡುಗ, ಸೋಡಾಬುಡ್ಡಿ. ಅವನ ಹುಬ್ಬಿನ ಮೇಲೆ ಸೀಳುಗಾಯವಿತ್ತು.

ಮಧ್ಯಾಹ್ನ ನೀರಿನ ನಲ್ಲಿಯ ಹತ್ತಿರ ಚೂಟಿ ಎಲ್ಲರನ್ನೂ ದಾಟಿ ಮುಂದೆ ನುಗ್ಗಿದ್ದಳು. “ಏಯ್, ಸಾಲಲ್ಲಿ ಬಾರೇ,” ಎಂದಿದ್ದ ಅವನು. ಅಷ್ಟೇ. ಕೈಯಲ್ಲಿದ್ದ ಸ್ಟೀಲ್ ಬಾಟಲಿಯನ್ನು ಅವಳು ಬೀಸಿಬಿಟ್ಟಿದ್ದಳು.

“ಎರಡು ಸೆಂಟಿಮೀಟರ್,” ಅಮ್ಮ ದಪ್ಪ ಪುಸ್ತಕದಲ್ಲಿ ಬರೆದುಕೊಂಡಳು. “ಯಾವುದರಿಂದ ಆಯ್ತು?”

“ಅದೆಲ್ಲ ಯಾಕಮ್ಮಾ?” ಎಂದರು ಅವನ ತಾತ. ಟೈಲರ್ ತಾತ, ಗಾಬರಿಯಲ್ಲಿ ಕೊರಳಿನ ಟೇಪು ತೆಗೆಯದೆ ಬಂದಿದ್ದರು. “ನಾನೂ ದಿನಾ ಅಳತೆ ತಗೋತೀನಿ. ಬಟ್ಟೆ ಹೇಗೆ ಹರೀತು ಅಂತ ಯಾರನ್ನೂ ಕೇಳಲ್ಲ.”

ಅಮ್ಮ ನಕ್ಕಳು. “ಕಾನೂನು ಕೇಳತ್ತಲ್ಲ ತಾತ! ಬರಿಗೈಲಿ ಹೊಡೆದ್ರೆ ಒಂದು ಶಿಕ್ಷೆ. ಏನಾದ್ರೂ ಎತ್ಕೊಂಡು ಹೊಡೆದ್ರೆ ಇನ್ನೂ ಜಾಸ್ತಿ. ಮೂಳೆ ಮುರಿದ್ರೆ, ಕಣ್ಣು ಹೋದ್ರೆ ವರ್ಷಗಟ್ಟಲೆ ಜೈಲು. ಪುಣ್ಯ, ಇದು ಕಣ್ಣಿಗಿಂತ ಒಂದು ಬೆರಳು ಮೇಲಿದೆ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಚೂಟಿಯ ಕೈ ತಾನಾಗಿ ಬ್ಯಾಗಿನೊಳಗಿನ ಬಾಟಲಿಯ ಮೇಲೆ ಹೋಯಿತು. ಇನ್ನೊಂದು ಕೈಯ ಬೆರಳು ತನ್ನ ಹುಬ್ಬಿನ ಮೇಲೆ. ಒಂದು ಬೆರಳು. ಅಷ್ಟೇ ಜಾಗ.

“ಮಕ್ಕಳಿಗೂ ಜೈಲಾ?” ಸೋಡಾಬುಡ್ಡಿ ಕೇಳಿದ.

“ಇಲ್ಲಪ್ಪ. ಆದ್ರೆ ಏಟು ಏಟೇ ಅಲ್ವಾ? ಹೇಳು, ಯಾವುದರಿಂದ?”

ಪರದೆಯ ಕೆಳಗೆ ಕೆಂಪು ಲೇಸಿನ ಎರಡು ಶೂ ಕಾಣುತ್ತಿದ್ದವು. ಅವನು ಅವನ್ನೇ ನೋಡಿದ. ಚೂಟಿ ಸರಕ್ಕನೆ ಕಾಲೆಳೆದುಕೊಂಡಳು.

“ಮೆಟ್ಟಿಲ ಮೇಲೆ ಬಿದ್ದೆ ಸಿಸ್ಟರ್.”

ಗಾಯ ಚಂದ್ರನ ಚೂರಿನಂತೆ ಬಾಗಿತ್ತು. “ನಿಮ್ಮ ಸ್ಕೂಲಲ್ಲಿ ಮೆಟ್ಟಿಲು ದುಂಡಗಿವೆಯೇನೋ?” ಎಂದಳು ಅಮ್ಮ. ಅವನು ತಾತನ ಟೇಪಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದ. ಅಮ್ಮ ಪುಸ್ತಕದಲ್ಲಿ ಆ ಜಾಗವನ್ನು ಖಾಲಿ ಬಿಟ್ಟು ಹತ್ತಿ ಎತ್ತಿಕೊಂಡಳು.

ಅವರು ಹೊರಟ ಮೇಲೆ ಚೂಟಿ ಪರದೆ ಸರಿಸಿ ಬಂದು ಬಾಟಲಿಯನ್ನು ಮೇಜಿನ ಮೇಲಿಟ್ಟಳು. ಅದರ ತಳದ ಅಂಚು ಒಂದು ಕಡೆ ನೆಗ್ಗಿತ್ತು.

“ಅವನು ಬೀಳಲಿಲ್ಲ ಅಮ್ಮಾ.”

“ಗೊತ್ತು,” ಎಂದಳು ಅಮ್ಮ. ಬಾಟಲಿಯನ್ನು ನೋಡಿದಳು, ಮುಖದ ನಗು ಆರಿಹೋಯಿತು. “ಯಾರು ಅಂತ ಗೊತ್ತಿರಲಿಲ್ಲ.”

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಮ್ಮ ಬೈಯಲಿಲ್ಲ. ಪುಸ್ತಕ ತೆರೆದು, ಪೆನ್ನು ಹಿಡಿದು ಕಾದಳು.

“ಸ್ಟೀಲ್ ಬಾಟಲಿ... ಅಂತ ಬರ್ಕೋ. ನಾನು ಅಂತಲೂ ಬರ್ಕೋ.”

ಹೊರಗೆ ಔಷಧದ ಕಿಟಕಿಯ ಮುಂದೆ ಉದ್ದ ಸಾಲಿತ್ತು. ತಾತನ ಪಕ್ಕದಲ್ಲಿ ಬಿಳಿ ಪಟ್ಟಿ ಕಟ್ಟಿದ ತಲೆ ಕಾಣಿಸಿತು. ನಡುವೆ ಆರು ಜನ.

ಚೂಟಿ ಹೋಗಿ ಎಲ್ಲರ ಹಿಂದೆ ನಿಂತಳು. ಮಾತ್ರೆ ತೆಗೆದುಕೊಂಡು ಅವನು ಇದೇ ದಾರಿಯಲ್ಲಿ ಬರಬೇಕು. ಕೆಂಪು ಲೇಸಿನ ಶೂ ದೂರಕ್ಕೂ ಎದ್ದು ಕಾಣುತ್ತಿದ್ದವು; ಈ ಸಲ ಅವಳು ಕಾಲೆಳೆದುಕೊಳ್ಳಲಿಲ್ಲ.