ಅಂಟದ ಮಣ್ಣು

“ಲೇ ದುರ್ಗಾ, ಬೂಟು ಯಾಕ ಬಿಚ್ಚಾಕತ್ತೀ?” ಸೋಮೇಶ ಕೇಳಿದ.

“ಮಳಿ ಬಂತಲ್ಲ, ಅದಕ್ಕ.”

ದುರ್ಗಾ ಎರಡೂ ಬೂಟಿನ ಲೇಸ್ ಸೇರಿಸಿ ಗಂಟು ಹಾಕಿ ಕೊರಳಿಗೆ ನೇತುಹಾಕಿಕೊಂಡಳು. ಸಾಕ್ಸ್ ಮುದುಡಿ ಕಿಸೆಗೆ ತುರುಕಿದಳು. “ನೀವೂ ಬಿಚ್ಚರಿ. ಹಸಿ ಮಣ್ಣಾಗ ಯಾರರ ಬೂಟು ಹಾಕ್ಕೊಂಡು ನಡೀತಾರೇನು? ಕಾಲಿಗೆ ಕಲ್ಲು ಕಟ್ಟಿದಂಗ ಆಕ್ಕತಿ.”

ದುರ್ಗಾಳ ಊರು ಮುಂಡರಗಿಯಲ್ಲಾಗಿದ್ದರೆ ಅದು ಖರೆಯ ಮಾತೇ. ಅಲ್ಲಿಯ ಕಪ್ಪು ಎರೆಮಣ್ಣು ಒಂದು ಮಳೆ ಬಿದ್ದರೆ ಸಾಕು, ಚಪ್ಪಲಿಗೆ ಮೆತ್ತಿಕೊಂಡು ಬಿಡಲಾರೆ ಅನ್ನುತ್ತದೆ. ದುರ್ಗಾಳ ಅಜ್ಜ ಅಂದಾನಪ್ಪ ಮಳೆಗಾಲದಲ್ಲಿ ಹೊಲಕ್ಕೆ ಹೋಗುವುದೇ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು.

ಆದರೆ ಇದು ನೇಪಾಳ. ದಸರೆ ರಜೆಯಲ್ಲಿ ರಹಿಮತಬಿ ಟೀಚರ್ ಗದಗ ಸೀಮೆಯ ಸ್ಕೌಟ್ಸ್ ಮಕ್ಕಳನ್ನು ಪೋಖರಾದ ಕ್ಯಾಂಪಿಗೆ ಕರೆತಂದಿದ್ದರು. ಇವತ್ತು ಗುಡ್ಡ ಹತ್ತುವ ದಿನ. ತುದಿ ಮುಟ್ಟಿದರೆ ಎದುರಿಗೇ ಹಿಮದ ಬೆಟ್ಟ ಕಾಣುತ್ತದಂತೆ. ಹೊತ್ತೇರಿದರೆ ಮೋಡ ಬಂದು ಮುಚ್ಚಿಬಿಡುತ್ತದಂತೆ. ಮೂವರು ಮೂವರದು ಒಂದೊಂದು ತಂಡ. ಒಬ್ಬರು ನಿಂತರೆ ಮೂವರೂ ನಿಲ್ಲಬೇಕು. ಇದು ಟೀಚರ್ ಹಾಕಿದ ರೂಲು.

ದುರ್ಗಾಳ ತಂಡಕ್ಕೆ ಅವಳೇ ಲೀಡರ್. “ನಾ ಕಪ್ಪತಗುಡ್ಡ ಹತ್ತಿದಾಕಿ” ಎಂದು ರೈಲು ಗೋರಖಪುರ ಮುಟ್ಟುವವರೆಗೂ ಹೇಳುತ್ತಲೇ ಬಂದಿದ್ದಳು. ಈಗ ಹಿಮದ ಬೆಟ್ಟ ನೋಡದೆ ವಾಪಸ್ಸಾದರೆ ಮುಖ ಎಲ್ಲಿ ಇಟ್ಟುಕೊಳ್ಳುವುದು?

ಊರು ಬಿಡುವಾಗ ತಮ್ಮ ಹೊನ್ನೇಶ ಕೀಚೈನ್ ತರಲು ಹೇಳಿದ್ದ. ಅಜ್ಜ ಮಾತ್ರ ಬೇರೆಯೇ ಹೇಳಿದ್ದ. “ಅಲ್ಲಿ ಮಣ್ಣು ಹೆಂಗೈತಿ, ನೋಡ್ಕೊಂಡು ಬಾ.”

“ಮಣ್ಣಾಗ ಏನ್ ನೋಡೂದೈತಿ ಅಜ್ಜಾ? ಎಲ್ಲಾ ಕಡೆ ಮಣ್ಣು ಮಣ್ಣ ಇರತೈತಿ” ಎಂದು ಅವಳು ನಕ್ಕಿದ್ದಳು.

ಲೀಡರ್ ಹೇಳಿದ ಮೇಲೆ ಸೋಮೇಶ ಬೂಟು ಬಿಚ್ಚಿದ. ಗದಗಿನ ಪೇಟೆಯಲ್ಲಿ ಬೆಳೆದ ಪ್ರಿಯಾಂಕಾ ಒಮ್ಮೆ ಕೆಳಗೆ ನೋಡಿದಳು, ಒಮ್ಮೆ ದುರ್ಗಾಳನ್ನು ನೋಡಿದಳು. “ಏನೂ ಆಗಂಗಿಲ್ಲ ಹೌದಿಲ್ಲೋ?”

“ಏನಾಕ್ಕತಿ? ಬಾ ಲೇ ಜಲ್ದಿ!”

ಟೀಚರೂ ದಾರಿ ತೋರಿಸುವ ದೀದಿಯೂ ಉಳಿದ ತಂಡಗಳ ಜೊತೆ ಹಿಂದೆ ಇದ್ದರು. ದುರ್ಗಾ ಬರಿಗಾಲಲ್ಲಿ ಎಲ್ಲರಿಗಿಂತ ಮುಂದೆ ಓಡಿದಳು. ಗಿಡಗಳ ನಡುವೆ ಕಲ್ಲಿನ ಮೆಟ್ಟಿಲು. ಮೆಟ್ಟಿಲ ತುಂಬ ಪಾಚಿ, ಕೊಳೆತ ಎಲೆ, ಕೆಸರು. ಈ ಕೆಸರು ಕಾಲಿಗೆ ಮೆತ್ತಲೇ ಇಲ್ಲ, ಎಣ್ಣೆಯ ಹಾಗೆ ಜಾರಿತು.

ಧೊಪ್ಪನೆ ಸದ್ದಾಯಿತು. ಪ್ರಿಯಾಂಕಾ ಕುಂಡೆಯ ಮೇಲೆ ಕೂತು ಎರಡು ಮೆಟ್ಟಿಲು ಕೆಳಗೆ ಹೋಗಿದ್ದಳು.

ಸೋಮೇಶ ಹೊಟ್ಟೆ ಹಿಡಿದುಕೊಂಡು ನಕ್ಕ. ತಟ್ಟನೆ ನಗು ನಿಲ್ಲಿಸಿದ. “ಲೇ, ನಿನ್ನ ಕಾಲಿಗೆ ಏನೋ ಕಚ್ಕೊಂಡೈತಿ... ಎಮ್ಮಿ ಉಣ್ಣಿ ಇದ್ದಂಗ ಐತಲೇ!”

“ನಾ ಏನ್ ಎಮ್ಮಿ ಏನಲೇ?” ಎನ್ನುತ್ತಲೇ ಪ್ರಿಯಾಂಕಾ ಕಾಲು ನೋಡಿಕೊಂಡು ಕಿಟಾರನೆ ಕಿರುಚಿದಳು. ಸೋಮೇಶ ತನ್ನ ಕಾಲು ನೋಡಿಕೊಂಡು ಅವಳಿಗಿಂತ ಜೋರಾಗಿ ಕಿರುಚಿದ. ಕಪ್ಪಗಿನ, ಜಿಗುಟು ಜಿಗುಟಾದ ಜಿಗಣೆಗಳು! ದುರ್ಗಾಳ ಬೆರಳ ಸಂದಿಯಲ್ಲೂ ಎರಡು ಇದ್ದವು. ಕೀಳಲು ಹೋದರೆ ರಬ್ಬರಿನಂತೆ ಜಗ್ಗುತ್ತಿದ್ದವು, ಬಿಡುತ್ತಿರಲಿಲ್ಲ.

ಕಿರುಚಾಟ ಕೇಳಿ ದೀದಿ ಓಡಿ ಬಂದಳು. ಅವಳ ಕೋಲಿನ ತುದಿಗೆ ಒಂದು ಅರಿವೆಯ ಗಂಟು ಕಟ್ಟಿತ್ತು. ಬೆಳಗ್ಗಿನಿಂದ ಸೋಮೇಶ ಅದನ್ನು ತಾಯತ ಅಂದುಕೊಂಡಿದ್ದ. ದೀದಿ ಆ ಗಂಟನ್ನು ಜಿಗಣೆಗೆ ಒತ್ತಿದಳು. ಅದು ಮುದುಡಿ ಉದುರಿತು. ಗಂಟಿನಲ್ಲಿದ್ದದ್ದು ಉಪ್ಪು.

ಟೀಚರ್ ಏದುಸಿರು ಬಿಡುತ್ತ ಬಂದರು. “ಬೂಟು ಬಿಚ್ಚಾಕ ಹೇಳಿದವರು ಯಾರು?”

ಸೋಮೇಶ ಆಕಾಶ ನೋಡಿದ.

“ನಾನ ರೀ” ಎಂದಳು ದುರ್ಗಾ.

“ಎರಿ ಹೊಲ ಅಂತ ತಿಳದೀ ಏನವ್ವಾ?” ಟೀಚರ್ ಬೈಯಲು ಹೋಗಿ ಉಸಿರು ಬಿಟ್ಟರು. “ಕಾಲು ಒರಸ್ಕೊಂಡು ಬೂಟು ಹಾಕ್ಕೋರಿ ಮೊದಲ.”

“ನಾ ಇನ್ನ ಬರಂಗಿಲ್ರಿ ಟೀಚರ್” ಎಂದಳು ಪ್ರಿಯಾಂಕಾ. ಕಣ್ಣಲ್ಲಿ ನೀರು ತುಂಬಿತ್ತು.

“ಆತು. ಇಲ್ಲೇ ಕೆಳಗ ಚಾದಂಗಡಿ ಐತಿ. ನೀವು ಮೂವರೂ ಅಲ್ಲೇ ಕುಂಡ್ರಿ. ದೀದಿ ಇರ್ತಾಳ.”

ಟೀಚರ್ ಉಳಿದವರನ್ನು ಕರೆದುಕೊಂಡು ಹೊರಟರು. “ಏನ್ ಲೀಡರ್, ಕಪ್ಪತಗುಡ್ಡ ಇಷ್ಟ ಜಲ್ದಿ ಮುಗೀತೇನು?” ಎಂದು ಯಾರೋ ಕೂಗಿದರು. ದುರ್ಗಾ ತಿರುಗಿ ನೋಡಲಿಲ್ಲ. ಕೆಳಗಿನ ಕಣಿವೆಯಿಂದ ಬಿಳಿ ಮೋಡ ಮೆಲ್ಲಗೆ ಏರಿಬರುತ್ತಿತ್ತು.

‘ಏನಾಕ್ಕತಿ, ಬಾ ಲೇ’ ಅನ್ನಬೇಕೆಂದು ಅವಳ ಬಾಯಿಯವರೆಗೂ ಬಂತು. ಬೂಟು ಬಿಚ್ಚುವಾಗಲೂ ಅದನ್ನೇ ಅಂದಿದ್ದೆನಲ್ಲ ಎಂದು ನೆನಪಾಯಿತು. ಮಾತು ನುಂಗಿದಳು. ಪ್ರಿಯಾಂಕಾಳ ಎದುರಿಗೆ ಕೂತು ಅವಳ ಕಾಲಿಗೆ ಸಾಕ್ಸ್ ಏರಿಸಿದಳು. ದೀದಿಯ ಹಾಗೆಯೇ ಪ್ಯಾಂಟಿನ ತುದಿಯನ್ನು ಸಾಕ್ಸಿನೊಳಗೆ ಸೇರಿಸಿದಳು.

“ಚಾ ಕುಡಿಯೂಣ ನಡಿ” ಎಂದಳು ದುರ್ಗಾ. “ಗುಡ್ಡ ಬ್ಯಾಡ ಬಿಡು.”

“ನಿನಗ ಹಿಮ ನೋಡೂದೈತಲ್ಲ?”

“ಐತಿ. ಆದ್ರ ನೀ ಅಂಜೀದಿ.”

ಪ್ರಿಯಾಂಕಾ ಬೂಟಿನೊಳಗೆ ಕಾಲು ತೂರಿಸಿದಳು. “ಹುಳಕ್ಕ ಅಂಜಿದ್ದು ಆಮ್ಯಾಲೆ. ನೀ ಮುಂದ ಮುಂದ ಓಡ್ತಿದ್ದಿ. ನಾ ಹಿಂದ ಬಿದ್ದರೂ ನಿನಗ ಗೊತ್ತಾಗೂದಿಲ್ಲ ಅಂತ ಅಂಜಿದ್ದೆ.”

ದುರ್ಗಾಳಿಗೆ ಅದು ನಿಜಕ್ಕೂ ಗೊತ್ತಿರಲಿಲ್ಲ. ಬೆಳಗ್ಗಿನಿಂದ ಅವಳು ಒಮ್ಮೆಯೂ ಹಿಂದೆ ನೋಡಿರಲಿಲ್ಲ.

“ಮತ್ತ ಹತ್ತೂದಾದ್ರ ನೀ ಮುಂದ ನಡೀತೀ?” ಅವಳು ಮೆಲ್ಲಗೆ ಕೇಳಿದಳು. “ನಾ ಹಿಂದ ಬರ್ತೀನಿ. ನಿನ್ನ ಕಾಲು ನೋಡ್ಕೋತ.”

ಪ್ರಿಯಾಂಕಾ ಮೂಗು ಒರೆಸಿಕೊಂಡು ಎದ್ದಳು. “ಹಗೂರಕ ಮತ್ತ.”

“ಹಗೂರಕ.”

ದುರ್ಗಾ ಗುಡ್ಡದ ಕಡೆ ಕೈ ತೋರಿಸಿದಾಗ ದೀದಿ ನಕ್ಕು ತಲೆಯಾಡಿಸಿದಳು. ದೀದಿ ಮುಂದೆ, ಹಿಂದೆ ಪ್ರಿಯಾಂಕಾ, ಅವಳ ಹಿಂದೆ ಸೋಮೇಶ, ಕಟ್ಟಕಡೆಗೆ ದುರ್ಗಾ. ನಾಲ್ಕು ಮೆಟ್ಟಿಲಿಗೊಮ್ಮೆ ನಿಂತು ಉಸಿರು ತೆಗೆದುಕೊಂಡರು. ತುದಿ ಮುಟ್ಟುವ ಹೊತ್ತಿಗೆ ಮೋಡವೂ ಮುಟ್ಟಿತ್ತು. ಮೊದಲು ಬಂದವರೆಲ್ಲ ಹಿಮದ ಬೆಟ್ಟ ನೋಡಿ, ಫೋಟೋ ತೆಗೆಸಿಕೊಂಡು, ಊರಿಂದ ತಂದ ಕಟಕ್ ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತಿದ್ದರು. ಎದುರಿಗೆ ಬರೀ ಬಿಳಿ.

ದುರ್ಗಾ ಬಗ್ಗಿ ಪ್ರಿಯಾಂಕಾಳ ಸಾಕ್ಸ್ ನೋಡಿದಳು. ಒಂದು ಜಿಗಣೆಯೂ ಇರಲಿಲ್ಲ.

“ಲೇ! ಮ್ಯಾಲ ನೋಡ್ರಿ! ಮ್ಯಾಲ!” ಸೋಮೇಶ ಚೀರಿದ.

ಅವಳು ತಲೆ ಎತ್ತಿದಳು. ಮೋಡ ಹರಿದ ಕಡೆ, ಅವಳು ಹುಡುಕುತ್ತಿದ್ದ ಜಾಗಕ್ಕಿಂತ ಎಷ್ಟೋ ಎತ್ತರದಲ್ಲಿ, ಹಿಮದ ಒಂದು ಮೂಲೆ ಫಳ್ ಎಂದಿತು. ಮತ್ತೆ ಮುಚ್ಚಿತು.

“ಇಷ್ಟ ಏನು?” ಎಂದ ಸೋಮೇಶ.

“ಮೂವರಿಗೂ ಕಂಡತಲ್ಲ” ಎಂದಳು ಪ್ರಿಯಾಂಕಾ.

ರೊಟ್ಟಿ ತಿಂದಾದ ಮೇಲೆ ದುರ್ಗಾ ಒಂದು ಚಿಟಿಕೆ ಮಣ್ಣು ತೆಗೆದುಕೊಂಡು, ಅಜ್ಜ ಮಾಡುವ ಹಾಗೆ ಬೆರಳಲ್ಲಿ ತಿಕ್ಕಿದಳು. ಕಪ್ಪಿಲ್ಲ, ಕಂದು. ನಡುನಡುವೆ ಮಿಣುಕು. ಉಂಡೆ ಕಟ್ಟಿದರೆ ನಿಲ್ಲದೆ ಪುಡಿಯಾಯಿತು.

“ಏನ್ ಮಾಡಾಕತ್ತೀ?”

“ಅಜ್ಜ ಕೇಳ್ಯಾನ” ಎಂದಳು ದುರ್ಗಾ.

ಇಳಿಯುವಾಗ ಮತ್ತೆ ಹನಿ ಬಿತ್ತು. ಮೆಟ್ಟಿಲೆಲ್ಲ ಮಿರಮಿರ ಮಿಂಚಿದವು.

“ಲೀಡರ್, ಈಗ ಹೆಂಗ ಇಳಿಯೂದು?” ಸೋಮೇಶ ಕೇಳಿದ.

ದುರ್ಗಾ ದೀದಿಯ ಕಾಲು ನೋಡಿದಳು. ದೀದಿ ಪಾದವನ್ನು ಅಡ್ಡ ತಿರುಗಿಸಿ, ಕಲ್ಲಿನ ಒಳಬದಿಗೆ ಇಡುತ್ತಿದ್ದಳು. ದುರ್ಗಾ ಬೂಟಿನ ಲೇಸು ಬಿಗಿದಳು. ಪ್ರಿಯಾಂಕಾಳ ಕೈ ಹಿಡಿದು, ದೀದಿ ಕಾಲಿಟ್ಟಲ್ಲೇ ತನ್ನ ಕಾಲನ್ನೂ ಅಡ್ಡ ಇಟ್ಟಳು.