ಗೋಡೆಯೊಳಗಿನ ಕೆಂಪು ದಾರ

ನಾನು ಪ್ಲಂಬರ್. ನಾಗನೂರಿನ ಸುವರ್ಣಾ ಅವರ ಮನೆಯಲ್ಲಿ ಶವರಿನ ಪೈಪು ಗೋಡೆಯೊಳಗೇ ಮುರಿದಿತ್ತು. ನೀರು ಬಂದ್ ಮಾಡಿ, ಗರಗಸದ ಬ್ಲೇಡಿನಿಂದ ಸೀಳಿ, ಸಿಕ್ಕಿಕೊಂಡಿದ್ದ ತುಂಡನ್ನು ಹೊರಗೆಳೆದೆ. ಅದಕ್ಕೆ ನೀರು ಸೋರದಂತೆ ಸುತ್ತುವ ಟೇಪಿನ ಬದಲು ಕೆಂಪು ದಾರ ಸುತ್ತಿತ್ತು. ಹಾಗೆ ಸುತ್ತುತ್ತಿದ್ದವನು ನನ್ನ ತಮ್ಮ ಮಾಲಿಂಗ ಒಬ್ಬನೇ. ಅವ್ವನ ಕೌದಿಯಿಂದ ದಾರ ಎಳೆದು, ಬಾಯಲ್ಲಿ ಒದ್ದೆ ಮಾಡಿ ಸುತ್ತುತ್ತಿದ್ದ. ಈ ದಾರವೂ ಒದ್ದೆಯಾಗಿತ್ತು, ಬೆಚ್ಚಗಿತ್ತು.

“ಮನಿ ಯಾವಾಗ ಕಟ್ಟಿಸಿದ್ರಿ, ಅಕ್ಕಾರ?” ಎಂದೆ.

“ಹೋದ ವರ್ಷ ರಿ. ಯಾಕ್ರಿ?”

ಮಾಲಿಂಗ ತೀರಿಕೊಂಡು ಆರು ವರ್ಷ. ಅದೇ ಕೌದಿ ಹೊದಿಸಿ ಅವನನ್ನು ಮಣ್ಣು ಮಾಡಿದ್ದೆವು.

“ಏನಿಲ್ರಿ,” ಎಂದು ಹೊಸ ಪೈಪು ಕೂರಿಸಿದೆ.

ದಾರವನ್ನು ತಂದು ನಮ್ಮ ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿದ್ದೇನೆ. ಬೇಸಿಗೆ ಮುಗಿಯುತ್ತ ಬಂತು. ಅದಿನ್ನೂ ಒಣಗಿಲ್ಲ.